ಬಟನ್ ಬ್ಯಾಡವೆಂದ ಅತ್ತೆ

ನಮ್ಮ ಸೋದರತ್ತೆಯ ಬಲಗೈ ಹೆಬ್ಬೆರಳಿಗೆ ಎರಡು ಬಣ್ಣ. ಉಗುರಿನ ಸಂದಿಯಲ್ಲಿ ಬಿಳಿ ವಿಭೂತಿ, ಅದರ ಕೆಳಗೆ ಗೆರೆಗೆರೆಗೂ ಇಳಿದ ಕರಿ ಗ್ರೀಸು. ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಗ್ರೀಸು ಹೋಗುತ್ತಿರಲಿಲ್ಲ. ವಿಭೂತಿ ಹೋಗಲು ಅವಳು ಬಿಡುತ್ತಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ತನ್ನ ಹಣೆಗೆ, ಹೊಸ್ತಿಲಿಗೆ, ನಿದ್ದೆಗಣ್ಣಲ್ಲಿ ಕೂತ ನನ್ನ ಹಣೆಗೆ ಹಚ್ಚಿ, ಆಮೇಲೆ ಬೀದಿಗೆ ಬಂದು ಲಾರಿಯ ಹಣೆಗೂ ಮೂರು ಬೆರಳು ಎಳೆಯುವಳು. ಅಲ್ಲಿಗೂ ಮುಗಿಯುತ್ತಿರಲಿಲ್ಲ. ಕ್ಯಾಬಿನ್ನಿಗೆ ಹತ್ತಿ, ಸ್ಟೀರಿಂಗಿನ ಕೆಳಗೆ ಕೀಲಿ ಹಾಕುವ ತೂತಿಗೂ ಹೆಬ್ಬೆರಳು ಒತ್ತಿ ಒಂದು ಬೊಟ್ಟು ಇಡುವಳು.

"ಉಸಿರು ಹುಟ್ಟಾದು ಇಲ್ಲಿ ಕಣೆ. ಇಲ್ಲಿ ಹಚ್ಚದೆ ಬಂಪರ್ರಿಗೆ ಹಚ್ಚಿದ್ರೆ ಏನು ಬಂತು?"

ಆ ಹಳೇ ಲಾರಿ ಮಾವನದು. ಮಾವ ತೀರಿಕೊಂಡಾಗ, ಇನ್ನು ಇವಳು ಮೈದುನನ ಮನೆಯ ಅಡುಗೆಮನೆ ಸೇರುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಲಾರಿಯ ಕ್ಯಾಬಿನ್ ಸೇರಿದಳು. ಓಡಿಸಲು ಬಾರದು. ಡ್ರೈವರಿನ ಪಕ್ಕ ಮಡಿಸಿದ ಕಂಬಳಿಯ ಮೇಲೆ ಕೂತು, ಮಡಿಲಲ್ಲಿ ಮಂಡಕ್ಕಿ ಚೀಲ ಇಟ್ಟುಕೊಂಡು, ಎದುರಿಗೆ ಬರುವ ಬಸ್ಸುಗಳಿಗೆಲ್ಲ ಬೈಯುತ್ತ ಹೋಗುವಳು. ಡ್ರೈವರ್ ತಾಳ್ಮೆಯ ಮನುಷ್ಯ. "ಅಮ್ಮಾ, ಬ್ರೇಕ್ ನನ್ನ ಕಾಲಾಗೈತೆ, ನೀವ್ಯಾಕ ಕಾಲು ಒತ್ತೀರಿ?" ಎಂದು ಆಗಾಗ ಕೇಳುತ್ತಿದ್ದ. ದಾವಣಗೆರೆಯ ಮಂಡಿಪೇಟೆಯ ಹಮಾಲರು ಅವಳನ್ನು ಲಾರಿಯಮ್ಮ ಅನ್ನುತ್ತಿದ್ದರು. ಅದು ಅವಳಿಗೆ ಬಿರುದು.

ನಾನು ಅವಳ ತಮ್ಮನ ಮಗಳು. ಮಾಯಕೊಂಡದ ಪಕ್ಕದ ಹಳ್ಳಿಯವಳು. ನಮ್ಮ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದವರೇ ಇರಲಿಲ್ಲ. ಪಿಯುಸಿ ಆಗುತ್ತಲೇ ಅಪ್ಪ ಗಂಡು ಹುಡುಕತೊಡಗಿದ. ಸುದ್ದಿ ತಿಳಿದ ಅತ್ತೆ ಲಾರಿಯಲ್ಲೇ ಊರಿಗೆ ಬಂದಿಳಿದಳು. ನನ್ನ ಟ್ರಂಕನ್ನು ಗೊಬ್ಬರದ ಚೀಲಗಳ ಮೇಲೆ ಎಸೆಯಿಸಿ, "ಮದುವಿ ಎಲ್ಲಿಗೂ ಓಡಿ ಹೋಗಲ್ಲ, ಕಾಲೇಜು ಓಡಿ ಹೋಗ್ತೈತೆ" ಎಂದು ಅಪ್ಪನಿಗೆ ಹೇಳಿ ನನ್ನನ್ನು ಹತ್ತಿಸಿಕೊಂಡಳು. ನಾನು ಬಿ.ಕಾಂ. ಮಾಡಿದ್ದೇನೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ, ಯಾರಿಗೆ ಹೇಗನಿಸಿದರೂ ಸರಿ.

ರಜೆಯ ದಿನ ನಾನೂ ಲೋಡಿನ ಜೊತೆ ಹೋಗುತ್ತಿದ್ದೆ. ದಾರಿಯುದ್ದಕ್ಕೂ ಪಾಠ ಗಟ್ಟಿಯಾಗಿ ಓದಬೇಕು, ಅದು ಅವಳ ಕಟ್ಟಪ್ಪಣೆ. ಒಂದು ಸಲ ಸವಕಳಿಯ ಅಧ್ಯಾಯ ಓದಿದೆ: ಯಂತ್ರದ ಬೆಲೆ ವರ್ಷ ವರ್ಷ ಇಳಿಯುತ್ತದೆ ಎಂದು. ಅತ್ತೆ ಕೆರಳಿದಳು. "ಯಾವನು ಬರ್ದಾನೆ ಅದನ್ನ? ಹೊಸ ಗೇರ್‌ಬಾಕ್ಸು, ಹೊಸ ಟೈರು, ಎಲ್ಲಾ ಹಾಕ್ಸೀನಿ. ನಮ್ಮದರ ಬೆಲೆ ಏರ್ತೈತೆ. ಮುಂದಿನ ಪಾಠ ಓದು." ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಾಗ ನಗು ತಡೆಯಲು ಪೆನ್ನು ಕಚ್ಚಿಕೊಂಡಿದ್ದೆ.

ಮಾವನ ತಮ್ಮನನ್ನು ನಾನು ಚಿಕ್ಕಮಾವ ಅನ್ನುತ್ತಿದ್ದೆ. ಅವರಿಗೆ ಮಂಡಿಪೇಟೆಯಲ್ಲಿ ಅಂಗಡಿ. ಕೆಟ್ಟವರಲ್ಲ, ಹಬ್ಬಕ್ಕೆ ತಪ್ಪದೆ ಸೀರೆ ಕಳಿಸುವರು. ಆದರೆ ಅಣ್ಣನ ಲಾರಿ ತಮ್ಮ ಕೈಗೆ ಬರುವುದೇ ನ್ಯಾಯ ಎಂದು ನಂಬಿದ್ದರು. ಲಾರಿ ಇನ್ನೂ ಮಾವನ ಹೆಸರಿನಲ್ಲೇ ಇತ್ತು. ಅತ್ತೆಯ ಬಳಿ ಇದ್ದದ್ದು ಕೀಲಿ ಒಂದೇ. ಚಿಕ್ಕಮಾವ ಬಂದಾಗಲೆಲ್ಲ ಅದೇ ಮಾತು.

"ಅತ್ತಿಗೆಮ್ಮ, ಕೀಲಿ ಅಂಗಡ್ಯಾಗ ಇರ್ಲಿ. ನಿಮಗ್ಯಾಕ ಈ ತಾಪತ್ರಯ?"

"ಇರ್ಲಿ ಬಿಡಪ್ಪಾ. ಸೊಂಟಕ್ಕೆ ಒಂದಿಷ್ಟು ಭಾರ ಇಲ್ದಿದ್ರೆ ನನಗೆ ನಡಿಯಾಕ ಬರಲ್ಲ" ಎಂದು ಅವಳು ಮನೆಯ ಬೀಗದ ಕೈಗಳ ಜೊತೆ ಅದನ್ನು ಇನ್ನೂ ಒಳಕ್ಕೆ ಸಿಕ್ಕಿಸಿಕೊಳ್ಳುವಳು. ಲಾರಿ ಹೋದರೆ ಅವಳು ಮೈದುನನ ಮನೆಗೆ, ನಾನು ವಾಪಸು ಹಳ್ಳಿಗೆ. ಇದು ಮೂವರಿಗೂ ಗೊತ್ತಿತ್ತು.

ದಾವಣಗೆರೆ ಜಿಲ್ಲೆಯಾದ ಹೊಸತು. ನಾನು ಎರಡನೇ ವರ್ಷದಲ್ಲಿದ್ದೆ. ಮಲೆಬೆನ್ನೂರಿನಿಂದ ಅಕ್ಕಿ ತುಂಬಿಕೊಂಡು ಬರುತ್ತ ಹರಿಹರದಲ್ಲಿ ಚಹಾಕ್ಕೆ ನಿಂತೆವು. ಮಾಲು ಸಂಜೆಯೊಳಗೆ ಮಂಡಿಪೇಟೆ ಮುಟ್ಟಬೇಕಿತ್ತು. ಡ್ರೈವರ್ ಬಂದು ಅತ್ತೆಯಿಂದ ಗೊಂಚಲು ಇಸಿದುಕೊಂಡು ಕೀಲಿ ಹಾಕಿದ. ಅರ್ಧ ತಿರುಗಿ ಕಚ್ಚಿಕೊಂಡಿತು. ಜೋರು ಮಾಡಿದ. ಒಳಗೆ 'ಕಟ್' ಅಂದಿತು. ಆಮೇಲೆ ಕೀಲಿ ಸುಮ್ಮನೆ ಗಿರಗಿರ ತಿರುಗತೊಡಗಿತು, ಎಂಜಿನ್ನಿಗೆ ಅದರ ಸುದ್ದಿಯೇ ಇಲ್ಲ. ತಳ್ಳಿ ಸ್ಟಾರ್ಟ್ ಮಾಡೋಣವೆಂದರೆ ಸ್ಟೀರಿಂಗ್ ಲಾಕ್ ಆಗಿ ಕೂತಿದೆ.

ಹತ್ತಿರದ ಗ್ಯಾರೇಜಿನಿಂದ ಮೇಸ್ತ್ರಿ ಬಂದ. ಕೆಲಸಕ್ಕೆ ಮುಂಚೆ ಲಾರಿಯ ಕನ್ನಡಿಯಲ್ಲಿ ತಲೆ ಬಾಚಿಕೊಂಡ. ಸ್ಟೀರಿಂಗ್ ಕಂಬದ ಮುಚ್ಚಳ ಬಿಚ್ಚಿ, ಲಾಕನ್ನು ಹೊರಗೆಳೆದು, ಅಂಗೈ ಮೇಲೆ ತಟ್ಟಿದ. ಸುಣ್ಣದಂಥ ಬಿಳಿ ಹೆಂಟೆ ಉದುರಿತು.

"ಏನಮ್ಮಾ ಇದು, ಗೋಡೆಗೆ ಮಾಡ್ಸಿದಂಗೆ ಲಾಕಿನೊಳಗೆ ಗಿಲಾವು ಮಾಡ್ಸೀರಿ?"

ಅತ್ತೆ ಹೆಬ್ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಡ್ರೈವರ್ ಆಕಾಶ ನೋಡಿದ. ವರ್ಷಗಟ್ಟಲೆ ನೀರಲ್ಲಿ ಕಲಸಿ ಹಚ್ಚಿದ ವಿಭೂತಿ ಒಳಗಿಳಿದು ಗಟ್ಟಿಯಾಗಿತ್ತು. ಅದರ ಮೇಲೆ ಜೋರು ಮಾಡಿದ್ದಕ್ಕೆ, ಕೀಲಿ ತಿರುಗಿದ್ದನ್ನು ಹಿಂದಿನ ಸ್ವಿಚ್ಚಿಗೆ ಮುಟ್ಟಿಸುವ ಕಿರುಬೆರಳಿನ ತುದಿಯಷ್ಟಿದ್ದ ಕಬ್ಬಿಣದ ನಾಲಿಗೆ ಮುರಿದು ಎರಡಾಗಿತ್ತು.

"ಈ ಹಳೇ ಮಾಡೆಲ್ಲಿನ ಸಾಮಾನು ಈಗ ಸಿಗಲ್ಲ. ಲಾಕ್ ಬಿಸಾಕ್ರಿ. ಡ್ಯಾಶ್‌ಬೋರ್ಡಿಗೆ ಒಂದು ಬಟನ್ ಕೂರಿಸ್ತೀನಿ. ಒತ್ತಿದ್ರೆ ಸ್ಟಾರ್ಟ್. ಅರ್ಧ ತಾಸಿನ ಕೆಲಸ."

"ಯಾರು ಒತ್ತಿದ್ರೂ ಸ್ಟಾರ್ಟ್ ಆಗ್ತೈತಾ?"

"ಯಾರು ಒತ್ತಿದ್ರೂ ಆಗ್ತೈತೆ! ಅದೇ ಅನುಕೂಲ."

"ಬ್ಯಾಡ" ಎಂದಳು ಅತ್ತೆ. "ಕೀಲಿನೇ ರಿಪೇರಿ ಆಗ್ಬೇಕು."

ಮೇಸ್ತ್ರಿ ಕೈ ಚೆಲ್ಲಿದ. ಅತ್ತೆ ನನ್ನ ಕಡೆ ತಿರುಗಿ, ಅವನಿಗೆ ಕೇಳುವ ಹಾಗೆ ಹೇಳಿದಳು: "ಹರಿಹರದ ತುಂಬ ಲೇತ್ ಅವೆ, ಆದ್ರೆ ಕೈಯಾಗ ಕಸುಬು ಇರೋರು ಇಲ್ಲ ಅಂತ ದಾವಣಗೆರೆಯೋರು ಆಡಿಕೊಂತಾರೆ. ನಾನು ನಂಬಿರಲಿಲ್ಲವ್ವ."

ಮೇಸ್ತ್ರಿ ಮುಖ ಕೆಂಪಾಯಿತು. ಮುರಿದ ಎರಡೂ ಚೂರನ್ನು ಜೇಬಿಗೆ ಹಾಕಿಕೊಂಡು, "ಯಾವನು ಅಂದೋನು? ಕರಕೊಂಡ್ ಬರ್ರಿ ಅವನ್ನ" ಎನ್ನುತ್ತ ಲೇತ್ ಅಂಗಡಿಗೆ ಹೊರಟ.

ಅಷ್ಟರಲ್ಲಿ ಡ್ರೈವರ್, ಒಳ್ಳೆಯದಕ್ಕೇ ಎಂದುಕೊಂಡು, ಎಸ್‌ಟಿಡಿ ಬೂತಿನಿಂದ ಚಿಕ್ಕಮಾವನ ಅಂಗಡಿಗೆ ಫೋನ್ ಮಾಡಿದ್ದ. ಮಧ್ಯಾಹ್ನದ ಹೊತ್ತಿಗೆ ಅವರು ಸ್ಕೂಟರಿನಲ್ಲಿ ಬಂದರು, ಹಿಂದೆ ತಮ್ಮದೇ ಒಬ್ಬ ಡ್ರೈವರನ್ನು ಕೂರಿಸಿಕೊಂಡು. ಆಗ ತಾನೇ ಮೇಸ್ತ್ರಿ ಮಾಡಿಸಿ ತಂದಿದ್ದ ಮೊದಲ ನಾಲಿಗೆ ದಪ್ಪವಾಗಿ ಒಳಗೆ ಕೂರದೆ, ಅವನು ಬೆವರುತ್ತಿದ್ದ.

"ಬಟನ್ ಹಾಕಯ್ಯಾ ಮೇಸ್ತ್ರಿ" ಎಂದರು ಚಿಕ್ಕಮಾವ. "ಅತ್ತಿಗೆಮ್ಮ, ನೀವೂ ಹುಡುಗೀನೂ ಬಸ್ಸಿಗೆ ಹೋಗ್ರಿ. ಲಾರಿ ನಮ್ಮೋನು ತರ್ತಾನೆ. ಮಾಲು ಇಳಿಸಿ ಅಂಗಡಿ ಮುಂದೆನೇ ನಿಲ್ಲಿಸ್ತೀವಿ."

ಅಂಗಡಿ ಮುಂದೆ ನಿಂತ ಮೇಲೆ, ಬಟನ್ ಒತ್ತಿದರೆ ಹೊರಡುವ ಲಾರಿ ಮತ್ತೆ ನಮ್ಮ ಬೀದಿಗೆ ಬರುವುದಿಲ್ಲ.

"ಮಾಲು ತಡ ಆದ್ರೆ ಸಾಹುಕಾರ್ರು ಇನ್ನೊಂದ್ಸಲ ನಿಮಗೆ ಲೋಡ್ ಕೊಡ್ತಾರೇನು? ಹೇಳ್ರಿ ನೀವೇ" ಎಂದರು ಚಿಕ್ಕಮಾವ. ಅದು ಸುಳ್ಳಲ್ಲ.

ಅತ್ತೆ ಒಂದು ಮುಷ್ಟಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದಳು.

"ನೀ ಹೇಳಾದು ಖರೆ ಕಣಪ್ಪಾ. ಮಾಲು ತಡ ಆಗಬಾರ್ದು. ಅಲ್ಲಿ ಖಾಲಿ ಲಾರಿ ನಿಂತಾವೆ ನೋಡು, ಒಂದು ಹಿಡಿ. ಚೀಲ ಎಲ್ಲಾ ಅದಕ್ಕೆ ಏರ್ಸು. ನೀನೇ ಮುಂದೆ ಕುಂತು ಮುಟ್ಸಿಬಿಡು. ಆ ಲಾರಿಯೋನಿಗೆ ಕೊಟ್ಟು ಉಳಿದ ಬಾಡಿಗಿ ಪೂರಾ ನಿಂದೇ."

"ಮತ್ತೆ ಈ ಲಾರಿ?"

"ಇದು ಖಾಲಿ ಆತಲ್ಲ. ಖಾಲಿ ಲಾರಿಗೆ ಏನು ಅವಸರ?"

ಚಿಕ್ಕಮಾವ ಹೋಗಿ ಒಂದು ಖಾಲಿ ಲಾರಿ ಗೊತ್ತುಮಾಡಿ ಬಂದರು. ಮಾಲಿನ ಚಿಂತೆಯಿಂದ ಬಂದವರು ಮಾಲು ಒಯ್ಯಲೇಬೇಕಾಯಿತು. ಹಮಾಲರು ಚೀಲ ಬದಲಿಸುವಷ್ಟು ಹೊತ್ತೂ ಅತ್ತೆ ಚಿಕ್ಕಮಾವನಿಗೆ ಚಹಾ ತರಿಸಿ ಕೊಟ್ಟಳು, ಮಕ್ಕಳ ಸಮಾಚಾರ ಕೇಳಿದಳು. ಸ್ಕೂಟರನ್ನು ತಮ್ಮ ಡ್ರೈವರಿಗೆ ಒಪ್ಪಿಸಿ ಅವರು ಹೊರಟಾಗ ಮುಖದಲ್ಲಿ ಸಮಾಧಾನವೇ ಇತ್ತು.

ನನಗೆ ಅಳು ಬಂತು. ಆ ತಿಂಗಳ ದೊಡ್ಡ ಬಾಡಿಗೆ ಅದು. ಅತ್ತೆ ನನ್ನ ತಲೆಗೆ ಮೊಟಕಿದಳು. "ಬಿಕಾಮು! ಬಾಡಿಗಿ ನಾಳೆ ಹುಟ್ಟತೈತೆ. ಕಣ್ಣೊರೆಸ್ಕೊ, ಮೇಸ್ತ್ರಿ ನೋಡ್ತಾನೆ."

ಮೇಸ್ತ್ರಿ ಮತ್ತೆ ಲೇತಿಗೆ ಓಡಿದ. ಬಂದು ಅರದಿಂದ ಉಜ್ಜಿದ, ಹಾಕಿದ, ತೆಗೆದ, ಮತ್ತೆ ಉಜ್ಜಿದ. ಬೆಳಗಿನ ಕ್ರಾಪು ಕೆದರಿ ಹಣೆಗೆ ಅಂಟಿತ್ತು. ಲಾಕಿನ ಒಳಗನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಕೂರಿಸಿದಾಗ ಹೊತ್ತು ಇಳಿದಿತ್ತು. ಅತ್ತೆ ಸೊಂಟದಿಂದ ಗೊಂಚಲು ತೆಗೆದು ಕೀಲಿಯನ್ನು ತಾನೇ ತಿರುಗಿಸಿದಳು. ಸ್ಟೀರಿಂಗ್ ಬಿಟ್ಟುಕೊಂಡಿತು, ಎಂಜಿನ್ ಕೆಮ್ಮಿ ಎದ್ದಿತು. ಕೈ ಒರೆಸಿಕೊಂಡು ಅವಳ ಹೆಬ್ಬೆರಳು ಮೇಲೇಳುವಷ್ಟರಲ್ಲಿ ಮೇಸ್ತ್ರಿ ಚೀರಿದ: "ಅಮ್ಮಾ! ಆ ತೂತಿಗೆ ಮಾತ್ರ ಹಚ್ಚಬ್ಯಾಡ್ರಿ, ಕಾಲಿಗೆ ಬೀಳ್ತೀನಿ!"

"ಶಿವನಿಗೆ ಬ್ಯಾಡ ಅನ್ನಾಕ ನೀ ಯಾವೂರ ದೊಣ್ಣೆನಾಯಕನೋ?" ಎಂದು ಗದರಿದಳು. ಆದರೆ ಮರುದಿನದಿಂದ ಬೊಟ್ಟು ಗಾಜಿನ ಮೇಲಕ್ಕೆ ಹೋಯಿತು.

ನನ್ನ ಪದವಿ ಮುಗಿಯುವವರೆಗೂ ಲಾರಿ ನಮ್ಮ ಬೀದಿಯಲ್ಲೇ ನಿಂತಿತು. ನನಗೆ ಸೊಸೈಟಿಯೊಂದರಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿದ ಮೇಲೆ ಅತ್ತೆ ಒಂದು ಬೆಳಿಗ್ಗೆ ತಾನಾಗಿಯೇ ಚಿಕ್ಕಮಾವನ ಅಂಗಡಿಗೆ ಹೋಗಿ, "ಲಾರಿ ಮಾರ್ತೀನಪ್ಪಾ, ಕೊಳ್ತೀಯಾ?" ಎಂದು ಕೇಳಿದಳು. ಅವರು ಮರುಮಾತಾಡದೆ ಪೇಟೆಯ ಧಾರಣೆ ಕೊಟ್ಟು ಕೊಂಡರು. ಆ ವ್ಯಾಪಾರದಲ್ಲೂ ಅವಳು ಸವಕಳಿ ಒಪ್ಪಲಿಲ್ಲ.

ಅತ್ತೆ ತೀರಿಕೊಂಡದ್ದು ಅದಾಗಿ ಎಷ್ಟೋ ವರ್ಷಕ್ಕೆ, ನನ್ನ ಮನೆಯಲ್ಲೇ, ಬೆಳಗಿನ ಪೂಜೆ ಮುಗಿಸಿ ಕೂತಲ್ಲೇ. ಎಲ್ಲಕ್ಕೂ ಮುಂದೆ ನಿಂತವರು ಚಿಕ್ಕಮಾವ. ಬಂದವರಿಗೆಲ್ಲ ನನ್ನನ್ನು ತೋರಿಸಿ, "ನಮ್ಮ ಅತ್ತಿಗೆಮ್ಮ ಓದ್ಸಿದ ಹುಡುಗಿ" ಅನ್ನುತ್ತಿದ್ದರು. ನನ್ನ ಕೆಲಸ, ಮನೆ, ಗಂಡ, ಮಕ್ಕಳು ಯಾವುದೂ ಆ ಪರಿಚಯದಲ್ಲಿ ಇರಲಿಲ್ಲ. ಇರಬೇಕೆಂದು ನನಗೂ ಅನಿಸಲಿಲ್ಲ.

ಸಮಾಧಿ ಮುಗಿಸಿ ಬಂದು ಜಗಲಿಯ ಮೇಲೆ ಕೂತಾಗ ಅವರು ಮೆಲ್ಲಗೆ ಹೇಳಿದರು: "ಹರಿಹರದಾಗ ಆವತ್ತು ಬಾಡಿಗಿ ಕೊಟ್ಟು ಕಳಿಸಿದ್ರು ನೋಡು, ನಾನೇ ಗೆದ್ದೆ ಅಂದ್ಕಂಡು ಮನ್ಯಾಗ ಹೋಳಿಗಿ ಮಾಡ್ಸಿದ್ದೆ ಕಣವ್ವ."

ಒಳಗೆ ಹೆಂಗಸರು ಅಳುತ್ತಿದ್ದರು. ನಾವಿಬ್ಬರೂ ಬಾಯಿಗೆ ಬಟ್ಟೆ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆವು.