ಕಬ್ಬಿನ ಹಾಲು ಕುಡಿದ ಲಿವರು

ನನ್ನ ಮೊಮ್ಮಗ ನಿತೇಶನ ಲಿವರಿನ ಕೊಬ್ಬು ಇಳಿದಿದೆ! ಇವತ್ತು ಬೆಳಿಗ್ಗೆ ಸ್ಕ್ಯಾನ್ ನೋಡಿ ಡಾಕ್ಟ್ರಮ್ಮನೇ ಹೇಳಿದರು. ಲಿಫ್ಟಿನಲ್ಲಿ ಗುರುತಿಲ್ಲದವರಿಗೂ ಅದನ್ನೇ ಹೇಳಿಕೊಂಡು ಇಳಿದೆ.

ನಾನು ಬಹರೈನಿನ ಗುದೈಬಿಯಾ ಪೇಟೆಯ ಒಂದು ಸಣ್ಣ ಹೋಟೆಲಿನಲ್ಲಿ ಅಡುಗೆಯವನು. ಶಾಲೆಗೆ ಹೋದದ್ದು ಕಡಿಮೆ, ಇಲ್ಲಿ ಒಲೆಯ ಮುಂದೆ ನಿಂತದ್ದೇ ಹೆಚ್ಚು. ಊಟಕ್ಕೆ ಬರುವವರು ನಮ್ಮ ಕರಾವಳಿಯ ಹುಡುಗರು. ತಟ್ಟೆಯ ಅನ್ನ ಮುಗಿಯುವ ಮೊದಲೇ ಇನ್ನೊಂದು ಸೌಟು ಹಾಕುವುದು ನಮ್ಮ ಮರ್ಯಾದೆ. ಮೇಲೆ ಸಕ್ಕರೆ ತುಂಬಿದ ಕರಕ್ ಚಹಾ. ನಿತೇಶನೂ ಸೀಫ್ ಬಡಾವಣೆಯ ಆಫೀಸಿನಿಂದ ಕಾರಿನಲ್ಲಿ ಬಂದು ಮಧ್ಯಾಹ್ನ ಅಲ್ಲೇ ಉಣ್ಣುತ್ತಿದ್ದ.

ಕಳೆದ ವರ್ಷ ಕಂಪೆನಿಯ ಆರೋಗ್ಯ ತಪಾಸಣೆಯಲ್ಲಿ ಅವನ ರಕ್ತದ ಲಿವರ್ ಪರೀಕ್ಷೆ ಏರುಪೇರಾಗಿತ್ತು. ಅಲ್ಟ್ರಾಸೌಂಡ್ ಮಾಡಿ ಫ್ಯಾಟಿ ಲಿವರ್, ಅಂದರೆ ಲಿವರಿನಲ್ಲಿ ಕೊಬ್ಬು ತುಂಬಿದೆ ಎಂದರು. ಹುಡುಗ ಒಂದು ತೊಟ್ಟು ಕುಡಿದವನಲ್ಲ. ನೋವಿಲ್ಲ, ಸುಸ್ತಿಲ್ಲ.

ನಮ್ಮ ಜೊತೆ ಇಲ್ಲೇ ಇರುವ ನನ್ನ ಮಗಳು, ನಿತೇಶನ ತಾಯಿ ಸುಮತಿ ಬಾಗಿಲು ಹಾಕಿ ಬಂದಳು. "ಅಪ್ಪಾ, ಹೊರಗೆ ಬಾಯಿ ಬಿಡ್ಬೇಡಿ. ಲಿವರ್ ಅಂದ್ರೆ ಕುಡುಕ ಅಂತಾರೆ. ಮತ್ತೆ ಇವನಿಗೆ ಹೆಣ್ಣು ಕೊಡುವವರು ಯಾರು?"

ಲಿವರಿನ ಕಾಯಿಲೆ ಎಂದರೆ ನಮಗೆಲ್ಲ ಗೊತ್ತಿದ್ದದ್ದು ಕಾಮಾಲೆ ಒಂದೇ. ಅದರ ಪಥ್ಯದಂತೆ ಅವಳು ಮೀನು ನಿಲ್ಲಿಸಿ, ದಿನವೂ ಅವನಿಗೆ ಕಬ್ಬಿನ ಹಾಲು, ಗ್ಲೂಕೋಸ್, ಗಂಜಿ ಕೊಟ್ಟಳು. ಮುಂದಿನ ಭೇಟಿಗೆ ಹೋದಾಗ ತೂಕ ಇನ್ನೂ ಏರಿತ್ತು.

ನಮ್ಮ ಊರ ಕಡೆಯವರೇ ಆದ ಡಾಕ್ಟ್ರಮ್ಮ ತಲೆಗೆ ಕೈಯಿಟ್ಟರು. "ಇದು ಕಾಮಾಲೆ ಅಲ್ಲಮ್ಮ! ಹೆಚ್ಚಾದ ಸಕ್ಕರೆಯೇ ಅಲ್ಲಿ ಕೊಬ್ಬಾಗಿ ಕೂರುವುದು. ಹೀಗೇ ಬಿಟ್ರೆ ಲಿವರ್ ಗಟ್ಟಿಕಟ್ಟಿ ಕೆಡ್ತಾ ಹೋಗ್ತದೆ. ಈಗಲೇ ತೂಕ ಇಳಿಸಿದ್ರೆ ಸರಿಯಾಗ್ಬಹುದು." ಹೊಟ್ಟೆ ಬಂದವರು, ಸಕ್ಕರೆ ಕಾಯಿಲೆಯವರು ನೋವಿಲ್ಲದಿದ್ದರೂ ತೋರಿಸಿಕೊಳ್ಳಬೇಕು ಎಂದೂ ಹೇಳಿದರು.

ಹೊಟ್ಟೆ ಬಂದವರೆಂದರೆ ನಮ್ಮ ಹೋಟೆಲಿನ ಅರ್ಧ ಜನ! ಮರುದಿನ ಊಟದ ಹೊತ್ತಿಗೆ ಸೌಟು ಹಿಡಿದು ನಡುವೆ ನಿಂತೆ. "ನನ್ನ ಮೊಮ್ಮಗನಿಗೆ ಫ್ಯಾಟಿ ಲಿವರ್. ಅವ ಕುಡಿಯುವವ ಅಲ್ಲ. ಇವತ್ತಿನಿಂದ ಕೇಳದೆ ಅನ್ನ ಹಾಕುವುದಿಲ್ಲ. ಚಹಾಕ್ಕೆ ಸಕ್ಕರೆ ಬೇಕಾದವರು ನೀವೇ ಹಾಕಿಕೊಳ್ಳಿ."

"ತ್ಯಾಂಪಣ್ಣ, ಇದು ಹೋಟೆಲಾ ಆಸ್ಪತ್ರೆಯಾ?" ಎಂದ ಎಸಿ ರಿಪೇರಿಯ ಹರೀಶ.

"ನಿನ್ನ ಹೊಟ್ಟೆ ನೋಡಿದ್ರೆ ಹೆರಿಗೆ ವಾರ್ಡು ಮಾರಾಯಾ."

ಎಲ್ಲರೂ ನಕ್ಕರು, ಹೋಟೆಲಿನ ಧಣಿಗಳು ನಗಲಿಲ್ಲ. "ಗಿರಾಕಿ ಹೋದ್ರೆ ಏನು ಮಾಡುವುದು?"

"ಹೋಗ್ಲಿ ಧಣಿ. ಬೇಡದಿದ್ರೆ ಬೇರೆ ಅಡುಗೆಯವನನ್ನು ಕರ್ಸಿ. ನಾನಿರುವಷ್ಟು ದಿನ ಹೀಗೇ."

ಕೆಲವರು ಹೋದದ್ದು ಹೌದು. ಹರೀಶ ಹೋಗಲಿಲ್ಲ, ಪರೀಕ್ಷೆ ಮಾಡಿಸಿದ, ಅವನಲ್ಲೂ ಕೊಬ್ಬು ಸಿಕ್ಕಿತು. ಅವನೂ ನಿತೇಶನೂ ಸಂಜೆ ಕಡಲ ಬದಿಯಲ್ಲಿ ನಡೆಯತೊಡಗಿದರು. ನಮ್ಮ ಮನೆಯಲ್ಲೂ ಅನ್ನ ಇಳಿಯಿತು, ಬಸಳೆ, ತೊಂಡೆ, ಬಂಗುಡೆ ಮೀನು ಏರಿತು. ಬಡಿಸಿದ್ದು ಒಳಗೆ ಹೋಗಿ ಏನಾಗುತ್ತದೆ ಎಂಬುದೂ ಅಡುಗೆಯವನ ಜವಾಬ್ದಾರಿ ಎಂದು ಈ ಕೆಲಸ ನನಗೆ ಕಲಿಸಿತು. ಯಾರು ಬೇಕಾದರೂ ನಗಲಿ, ಬಿಡುವವನಲ್ಲ ನಾನು.

ಇವತ್ತು ಸಂಜೆ ಮಗಳು, ಅಳಿಯ, ನಿತೇಶ, ನಾವು ಮುದುಕ ಮುದುಕಿ ಚಾಪೆ ಹಾಸಿ ಉಣ್ಣಲು ಕೂತೆವು. ನಡುವೆ ಊರಿನಿಂದ ಸುಮತಿಯ ನಾದಿನಿ ಫೋನು ಮಾಡಿದಳು. "ಆಸ್ಪತ್ರೆಗೆ ಹೋಗಿದ್ರಂತೆ ಅತ್ತಿಗೆ, ಯಾಕೆ?"

ಸುಮತಿ ಒಂದು ಗಳಿಗೆ ಮಗನ ಮುಖ ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ, "ನಿತೇಶನ ಲಿವರಿಗೆ! ಕುಡ್ದು ಬಂದದ್ದಲ್ಲ, ತಿಂದು ಬಂದದ್ದು. ಈಗ ಇಳಿದಿದೆ. ನಿಮ್ಮವರಿಗೂ ಹೊಟ್ಟೆ ಇದೆಯಲ್ಲ, ನಾಳೆಯೇ ತೋರ್ಸಿ!" ಎಂದು ಫೋನು ಪಕ್ಕಕ್ಕಿಟ್ಟು ಬಂಗುಡೆಯ ಮುಳ್ಳು ಬಿಡಿಸತೊಡಗಿದಳು.