ಒಂದು ಗೇಣು ಕಾಗದ ಸಾಲದು

ಕೊಚಬಾಂಬಾ ಊರಿನ ದಕ್ಷಿಣ ತುದಿಯ ಪಶು ಆಸ್ಪತ್ರೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೆನಿಗ್ನಾ ತೆರ್ಸೆರೋಸ್ ಕಬ್ಬಿಣದ ಮೇಜಿಗೆ ಕಂಬಳಿ ಹೊದಿಸುತ್ತಿದ್ದಾರೆ. ತಣ್ಣನೆ ಕಬ್ಬಿಣ ತಗುಲಿದರೆ ನಾಯಿ ನಡುಗುತ್ತದೆ. ನಾಯಿ ನಡುಗಿದರೆ ಇಸಿಜಿ ಗೆರೆಯೂ ನಡುಗಿ, ಎದೆಬಡಿತ ಯಾವುದು, ಚಳಿ ಯಾವುದು ತಿಳಿಯುವುದಿಲ್ಲ. ಆಮೇಲೆ ನಾಯಿಯ ಕಾಲಿಗೆ ಹಾಕುವ ನಾಲ್ಕು ಕ್ಲಿಪ್‌ಗಳನ್ನು ಒಂದೊಂದಾಗಿ ತಮ್ಮ ಕಿವಿಗೇ ಕಚ್ಚಿಸಿ ನೋಡುತ್ತಾರೆ. ಅವುಗಳ ಹಲ್ಲನ್ನು ಅರದಿಂದ ಉಜ್ಜಿ ಮೊಂಡು ಮಾಡಿದವರೂ ಅವರೇ.

"ನಂಗೆ ನೋವಾದ್ರೆ ಅದಕ್ಕೂ ನೋವಾಗುತ್ತೆ. ನಾನು ಬಾಯಲ್ಲಿ ಹೇಳ್ತೀನಿ, ಅದು ಕಚ್ಚಿ ಹೇಳುತ್ತೆ, ಅಷ್ಟೇ ವ್ಯತ್ಯಾಸ," ಎನ್ನುತ್ತಾರೆ.

ಇವತ್ತಿನ ಮೊದಲ ನಾಯಿ ಚಾಸ್ಕಾ. ಹೊಟ್ಟೆಯಡಿ ನಿಂಬೆಹಣ್ಣಿನ ಗಾತ್ರದ ಗಡ್ಡೆ. ಎಂಟು ಗಂಟೆಗೆ ಆಪರೇಷನ್. ಹೊತ್ತು ತಂದವರು ತಾರಾತಾ ಕಡೆಯ ಹಳ್ಳಿಯಲ್ಲಿ ಮುಸುಕಿನ ಜೋಳದ ಹೆಂಡ ಚಿಚಾ ಮಾರುವ ಕಸಿಲ್ಡಾ. ಅರಿವಳಿಕೆಗೆ ಮುಂಚೆ ಹೃದಯದ ಲಯ ಸರಿಯಿದೆಯೇ ನೋಡಬೇಕು. ಬೆನಿಗ್ನಾ ನಾಯಿಯನ್ನು ಬಲಮಗ್ಗುಲಿಗೆ ಮಲಗಿಸಿ, ಕ್ಲಿಪ್ ಹಾಕಿದ ಜಾಗಕ್ಕೆ ಸ್ಪಿರಿಟ್ ಹನಿಸುತ್ತಾರೆ. ಯಂತ್ರದಿಂದ ಗೆರೆಯ ಕಾಗದ ಹೊರಬರತೊಡಗುತ್ತದೆ.

"ಒಂದು ಗೇಣು ಸಾಕು, ಹರಿದ್ಬಿಡು ಬೆನಿಗ್ನಾ," ಎಂದು ಡಾಕ್ಟರ್ ಓರ್ತುನ್ಯೊ ಬಾಗಿಲಿನಿಂದಲೇ ಕೂಗುತ್ತಾರೆ. "ಹೃದಯ ನೋಡ್ತಿದ್ದೀಯೋ, ಸ್ವೆಟರ್ ಹೆಣೀತಿದ್ದೀಯೋ?"

"ಕಾಗದ ನಿಮ್ದು ಡಾಕ್ಟ್ರೇ, ಜೀವ ಅದರದ್ದು. ಸ್ವಲ್ಪ ತಡೀರಿ."

ಬೆನಿಗ್ನಾ ಇಲ್ಲಿಗೆ ಬಂದದ್ದು ನೆಲ ಒರೆಸಲು. ಹತ್ತೊಂಬತ್ತು ವರ್ಷವಾಯಿತು. ನೋಡಿ ನೋಡಿ ಕಲಿತರು. ಈಗ ದಿನಕ್ಕೆ ಆರೇಳು ನಾಯಿ. ಉಸಿರೆಳೆದಾಗ ಬಡಿತ ಚುರುಕು, ಬಿಟ್ಟಾಗ ನಿಧಾನ: ನಾಯಿಗೆ ಅದೇ ಆರೋಗ್ಯ. "ಹೊಸಬರು ಅದನ್ನ ಕಂಡು ಗಾಬರಿಯಾಗ್ತಾರೆ. ನಾಯಿ ಎದೆ ಏನು ಗೋಡೆ ಗಡಿಯಾರಾನಾ?" ಎಂದು ನಗುತ್ತಾರೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಹನ್ನೊಂದು ವರ್ಷದ ಹಿಂದೆ ಇದೇ ಮೇಜಿನ ಮೇಲೆ ಒಂದು ಕಂದು ನಾಯಿ. ಬೆನಿಗ್ನಾ ಒಂದು ಗೇಣು ನೋಡಿ, ಕಾಗದ ಹರಿದು, ಚೆನ್ನಾಗಿದೆ ಎಂದುಬಿಟ್ಟರು. ಅರಿವಳಿಕೆ ಕೊಟ್ಟ ಮೇಲೆ ಅದು ಏಳಲೇ ಇಲ್ಲ. ಹರಿದ ಮೇಲೂ ಯಂತ್ರ ಓಡಿತ್ತು. ಆಗ ಹೊರಬಂದ ತುಂಡು ಯಾರೂ ನೋಡದೆ ಕಸದ ಬುಟ್ಟಿಗೆ ಬಿದ್ದಿತ್ತು. ಕೆಟ್ಟ ಬಡಿತಗಳೆಲ್ಲ ಅದರಲ್ಲಿದ್ದವು. ಬುಟ್ಟಿಯಿಂದ ಹೆಕ್ಕಿದ ಆ ತುಂಡು ಇನ್ನೂ ಅವರ ಮೇಜಿನ ಖಾನೆಯಲ್ಲಿದೆ. ಗೆರೆ ಮಾಸಿ ಬರೀ ಬಿಳಿ ಕಾಗದವಾಗಿದೆ. ಅಂದಿನಿಂದ ಯಾರು ಏನೇ ಬೈದರೂ ಎರಡು ಮಾರು ಬಿಡದೆ ಅವರು ಕಾಗದ ಹರಿಯುವುದಿಲ್ಲ.

ಚಾಸ್ಕಾಳ ಮೊದಲ ಮಾರು ಶುದ್ಧವಾಗಿದೆ. ಕಸಿಲ್ಡಾ ಹಗುರಾಗಿ, ಸಾನ್ ರೋಕೆ ಹಬ್ಬದ ನಾಯಿಪೂಜೆಗೆ ಕೊಂಡ ಕೆಂಪು ರಿಬ್ಬನ್ ತೋರಿಸುತ್ತಾರೆ. ಹಬ್ಬಕ್ಕೆ ಇನ್ನು ಹದಿನೈದು ದಿನ. ಎರಡನೆಯ ಮಾರಿನ ನಡುವೆ ಗೆರೆ ದಾರಿ ತಪ್ಪುತ್ತದೆ. ಅಗಲವಾದ ಒಂದು ಬಡಿತ, ಮತ್ತೊಂದು, ಆಮೇಲೆ ಸಾಲಾಗಿ ಐದು. ಬೆನಿಗ್ನಾ ಡಾಕ್ಟರನ್ನು ಕೂಗುತ್ತಾರೆ. ಡಾಕ್ಟರ್ ಬಂದು ನೋಡಿ, ಹಾಕಿಕೊಂಡಿದ್ದ ಕೈಗವಸು ಕಳಚುತ್ತಾರೆ.

"ಈ ಎದೆಗೆ ಅರಿವಳಿಕೆ ಕೊಟ್ರೆ ಮೇಜಿನ ಮೇಲೇ ಹೋಗುತ್ತೆ. ಲಯಕ್ಕೆ ಮಾತ್ರೆ ಬರೀತೀನಿ. ಗಡ್ಡೆ ಮಾತ್ರ ಮುಟ್ಟೋ ಹಾಗಿಲ್ಲ," ಎಂದು ಹೊರಟುಹೋಗುತ್ತಾರೆ.

ಬೆನಿಗ್ನಾ ಮೆಲ್ಲಗೆ ಕೇಳುತ್ತಾರೆ: "ಅಕ್ಕಾ, ಮನೆ ಗೋಡೇಲಿ ವಿಂಚುಕಾ ಇದ್ದಾವಾ?"

ರಕ್ತ ಹೀರಿ, ಹೃದಯ ಕೆಡಿಸುವ ರೋಗ ಅಂಟಿಸುವ ಹುಳ ಅದು. ಕೊಳಕು ಮನೆಯ ಗುರುತೆಂದು, ಅದರ ಹೆಸರೆತ್ತಿದರೆ ಯಾರಿಗಾದರೂ ಅವಮಾನ. ಕಸಿಲ್ಡಾ ಕೆರಳುತ್ತಾರೆ. "ನಮ್ಮನೇನ ಕೊಟ್ಟಿಗೆ ಅಂದ್ಕೊಂಡ್ಯಾ? ದಿನಾ ಎರಡು ಹೊತ್ತು ಗುಡಿಸ್ತೀನಿ!"

"ನಮ್ಮವ್ವನೂ ಗುಡಿಸ್ತಿದ್ಲು. ಆದ್ರೂ ಅಪ್ಪ ಉಳುತ್ತಾ ಉಳುತ್ತಾನೇ ಎದೆ ನಿಂತು ಬಿದ್ದ. ನನ್ನ ರಕ್ತದಲ್ಲೂ ಅದೇ ಇದೆ."

ಕಸಿಲ್ಡಾ ರಿಬ್ಬನ್ನನ್ನು ಬೆರಳಿಗೆ ಸುತ್ತುತ್ತಾ ಕೂರುತ್ತಾರೆ. "ನಾಯಿ ಮಲಗೋ ಗೋಡೇಲಿ ಇದ್ದಾವೆ," ಎನ್ನುತ್ತಾರೆ ಕೊನೆಗೆ. "ನನ್ನ ಮಂಚದ ಹತ್ರಾನೂ."

"ಹಂಗಾದ್ರೆ ನಾಳೇನೇ ರಕ್ತ ತೋರಿಸ್ಕೋ. ಇದು ತನ್ನ ಎದೆ ಕೊಟ್ಟು ನಿಂಗೆ ಹೇಳ್ತಿದೆ. ಮತ್ತೆ, ಆ ರಿಬ್ಬನ್..." ಬೆನಿಗ್ನಾ ಕೊನೆಯ ಕ್ಲಿಪ್ ಬಿಡಿಸುತ್ತಾರೆ. "ಹಬ್ಬಕ್ಕೆ ಕಾಯ್ಬೇಡ ಅಕ್ಕಾ. ಇವತ್ತೇ ಕಟ್ಟು."

ಕಸಿಲ್ಡಾ ಅಲ್ಲೇ, ಕಂಬಳಿಯ ಮೇಲೇ ಕಟ್ಟುತ್ತಾರೆ. ಚಾಸ್ಕಾ ಬಾಲ ಆಡಿಸುತ್ತದೆ.

ಅವರು ಹೋದ ಮೇಲೆ ಬೆನಿಗ್ನಾ ಕಂಬಳಿ ಕೊಡವುತ್ತಾರೆ. ನಿಮಗೇನು ಬೇಕು ಎಂದು ಕೇಳಿದರೆ ಮೊದಲು ಏನೂ ಬೇಡ ಎನ್ನುತ್ತಾರೆ. ವರ್ಷಕ್ಕೊಮ್ಮೆ ತಮ್ಮ ಎದೆ ತೋರಿಸಲು ಆರೋಗ್ಯ ಕೇಂದ್ರಕ್ಕೆ ಹೋಗುತ್ತಾರಂತೆ. ಬೆನ್ನ ಹಿಂದೆ ಅರವತ್ತು ಜನರ ಸರದಿ. ಅಲ್ಲಿಯವರು ಒಂದು ಗೇಣು ಕಾಗದ ಹರಿದು, ಚೆನ್ನಾಗಿದೆ ಹೋಗಮ್ಮ ಎನ್ನುತ್ತಾರಂತೆ. ಬೆನಿಗ್ನಾರ ಎದೆ ತಪ್ಪಿ ಬಡಿಯುವುದು ಆಮೇಲೆ, ಅಲ್ಲಿನ ಮೆಟ್ಟಿಲಿಳಿಯುವಾಗ.

"ಬಾಯಿ ಬಿಟ್ಟು ಕೇಳಕ್ಕೆ ನಾಚಿಕೆಯಾಗುತ್ತೆ," ಎನ್ನುತ್ತಾರೆ, ಕ್ಲಿಪ್ ಒರೆಸುತ್ತಾ. "ಒಂದ್ಸಲ ಯಾರಾದ್ರೂ ನಂಗೂ, ನಾನು ನಾಯಿಗೆ ಬಿಡೋವಷ್ಟು ಕಾಗದ ಬಿಡ್ಲಿ."