ಒಂದು ಪಲ್ಲ ಷೇರು

ನಮ್ಮಪ್ಪ ಹೊಳೆನರಸೀಪುರದ ಪೇಟೆಬೀದಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದವರು. ಅವರು ತೀರಿಕೊಂಡ ಮೇಲೆ ಸರಕೆಲ್ಲ ಮಾರಿ, ಕೊಡಬೇಕಾದವರಿಗೆ ಕೊಟ್ಟು, ಅವ್ವನ ಕೈಯಲ್ಲಿ ಉಳಿದದ್ದು ಐನೂರು ರೂಪಾಯಿ. ಯುದ್ಧ ಶುರುವಾಗಲು ಇನ್ನೂ ಒಂದೆರಡು ವರ್ಷ ಇತ್ತು. ಐನೂರು ಅಂದರೆ ಸಣ್ಣ ಮಾತಲ್ಲ. ಅಪ್ಪ ಬದುಕಿದ್ದಾಗ ನಮ್ಮ ಹೊಸ್ತಿಲು ತುಳಿಯದಿದ್ದವರೆಲ್ಲ ಹದಿನೈದೇ ದಿನದಲ್ಲಿ ಬುದ್ಧಿ ಹೇಳಲು ಬಂದು ಜಗಲಿಯ ಮೇಲೆ ಕೂತರು. ಒಬ್ಬ ಬಡ್ಡಿಗೆ ಬಿಡಿ ಅಂದ, ಇನ್ನೊಬ್ಬ ಬೆಳ್ಳಿ ತಗೊಳ್ಳಿ ಅಂದ, ಮತ್ತೊಬ್ಬ ತನ್ನ ಕೈಗೇ ಕೊಟ್ಟರೆ ಸಾಕು ಅಂದ. ನಾನು ಒಳಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದೆ. ನನಗೆ ಅನುಮಾನ ಹುಟ್ಟುಗುಣ. ಯಾರಾದರೂ ನಕ್ಕರೆ ಯಾಕೆ ನಕ್ಕರು ಅಂತ ಮೊದಲು ಯೋಚಿಸುವವಳು. ಈಗ ಎಪ್ಪತ್ತು ದಾಟಿದ ಮೇಲೂ ಬ್ಯಾಂಕಿನವನು ಕೊಟ್ಟ ರಸೀತಿಯನ್ನು ಎರಡು ಸಲ ಓದದೆ ಮಡಚುವುದಿಲ್ಲ.

ಅವ್ವನಿಗೆ ಬೇಕಾಗಿದ್ದದ್ದು ಒಂದೇ ಒಂದು. ತಾನು ಬಾಡಿಗೆಗಿದ್ದ ಆ ಎರಡಂಕಣದ ಮನೆ ತನ್ನದಾಗಬೇಕು. ಗಂಡುಮಕ್ಕಳಿಲ್ಲ, ಇದ್ದವಳು ನಾನೊಬ್ಬಳು. ನನ್ನನ್ನು ಅರಕಲಗೂಡಿಗೆ ಕೊಟ್ಟಿದ್ದರು. ಯಜಮಾನರು ಅಲ್ಲಿ ಮಿಡ್ಲ್ ಸ್ಕೂಲಿನ ಮೇಷ್ಟ್ರು, ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಕಾಗುಣಿತ ಕಲಿಸುತ್ತಿದ್ದೆ. ಬಂದು ನಮ್ಮ ಜೊತೆ ಇರು ಅಂದರೆ ಅವ್ವ ಒಪ್ಪುತ್ತಿರಲಿಲ್ಲ.

"ಮಗಳ ಮನೆಗೆ ನೆಂಟಳಾಗಿ ಬತ್ತೀನಿ ಕಣವ್ವ. ಇರಾಕೆ ಬರಾಕಿಲ್ಲ. ಅಳಿಯನ ಅನ್ನ ಗಂಟ್ಲಲ್ಲಿ ಇಳಿಯಾಕಿಲ್ಲ" ಅನ್ನುತ್ತಿದ್ದಳು.

ಮನೆಯ ಯಜಮಾನ ಏಳುನೂರು ಕೇಳುತ್ತಿದ್ದ. ಇನ್ನೂರು ಕಮ್ಮಿ ಬೀಳುತ್ತಿತ್ತು. ಆ ಇನ್ನೂರು ಹುಟ್ಟುವ ದಾರಿ ತೋರಿಸಿದವರು ನನ್ನ ಸೋದರಮಾವ, ಅವ್ವನ ಅಣ್ಣ. ಚನ್ನರಾಯಪಟ್ಟಣದಲ್ಲಿ ಅವರದು ಕೊಬ್ಬರಿ ವ್ಯಾಪಾರ. ಹಾಸನದ ಕಡೆ ಯಾರೋ ಒಂದಷ್ಟು ಜನ ಸೇರಿ ಎಣ್ಣೆ ಗಿರಣಿ ಹಾಕುತ್ತಿದ್ದಾರೆ, ಐದು ರೂಪಾಯಿಗೊಂದು ಷೇರು, ಲಾಭ ಬಂದರೆ ವರ್ಷಾ ವರ್ಷಾ ಹಂಚುತ್ತಾರೆ ಅಂತ ಅವರು ವಿವರಿಸಿದರು. ಅವ್ವ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡಳು. ಆಮೇಲೆ ಲೆಕ್ಕ ಹಾಕಿ, "ಅಂಗಾದ್ರೆ ನೂರು ಸೇರು ಆತು. ಒಂದು ಪಲ್ಲ" ಅಂದಳು.

ನಮ್ಮ ಕಡೆ ನೂರು ಸೇರಿಗೆ ಒಂದು ಪಲ್ಲ. ರಾಗಿ, ಭತ್ತ, ಹುರುಳಿ, ಏನಾದರೂ ಅಷ್ಟೇ. ಅವ್ವನ ನಾಲಿಗೆಗೆ ಷಕಾರ ತಿರುಗುತ್ತಿರಲಿಲ್ಲ. ತಿರುಗಿದ್ದರೂ ಅವಳು ತಿಳಿದುಕೊಂಡದ್ದು ಬದಲಾಗುತ್ತಿತ್ತು ಅಂತ ನನಗೆ ಅನಿಸುವುದಿಲ್ಲ. ಆ ಗಿರಣಿಯ ಮೂಲೆಯೊಂದರಲ್ಲಿ ತನ್ನ ಪಾಲಿನ ಒಂದು ಪಲ್ಲವನ್ನು ಬೇರೆ ಮಾಡಿ ಇಟ್ಟಿದ್ದಾರೆ ಅನ್ನುವುದೇ ಅವಳ ನಂಬಿಕೆ. ನಾನು ತಿದ್ದಲು ಹೋದೆ.

"ನೀನು ಓದ್ದೋಳು, ನಿಂಗೆ ಗೊತ್ತಾಗಾಕಿಲ್ಲ. ರೂಪಾಯಿಗೆ ಇವತ್ತು ಅತ್ತು ಸೇರು ರಾಗಿ ಬತ್ತದೆ, ನಾಳೆ ಆರೇ ಬತ್ತದೆ. ರೂಪಾಯಿ ಕುಗ್ತದೆ. ಸೇರು ಎಲ್ಲಾರ ಕುಗ್ತದಾ?"

ಈ ಮಾತಿನಲ್ಲಿ ಎಷ್ಟು ವಿವೇಕ ಇತ್ತು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆವತ್ತು ಮಾತ್ರ ಹಣೆ ಚಚ್ಚಿಕೊಂಡೆ.

ನನ್ನ ಅನುಮಾನ ಗಿರಣಿಯ ಮೇಲೆ ಇರಲಿಲ್ಲ, ಮಾವನ ಮೇಲಿತ್ತು. ಷೇರಿನ ಕಾಗದ ಬಂದಾಗ, "ನಿಮ್ಮನೆ ಹೆಂಚು ಸೋರ್ತದೆ, ಗೆದ್ದಲು ಬೇರೆ, ಇದು ನನ್ನ ತಾವೇ ಇರ್ಲಿ" ಅಂತ ಅವರೇ ತಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು. ಅವ್ವ ಒಂದು ಸಲವಾದರೂ ಅದನ್ನು ಕಣ್ಣಿಂದ ನೋಡಲಿಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವ ಗಾದೆ ನಮ್ಮೂರಿನದೇ ಇರಬೇಕು. ಕಾಗದ ಯಾರ ಹೆಸರಲ್ಲಿದೆಯೋ ಯಾರಿಗೆ ಗೊತ್ತು ಅಂತ ನಾನು ಅಂದಾಗಲೆಲ್ಲ ಅವ್ವ ಎದ್ದು ಒಳಗೆ ಹೋಗುತ್ತಿದ್ದಳು.

ಮೊದಲ ವರ್ಷ ಇಪ್ಪತ್ತೈದು ರೂಪಾಯಿ ತಂದುಕೊಟ್ಟರು. ಎರಡನೆಯ ವರ್ಷದಿಂದ ಲೆಕ್ಕ ಸೊಟ್ಟಗಾಯಿತು. ಒಂದು ಸಲ ಇಪ್ಪತ್ತೊಂದು ಚಿಲ್ಲರೆ. ಯಾಕೆ ಕಮ್ಮಿ ಅಂದರೆ, "ಸರ್ಕಾರ ತೆರಿಗೆ ಅಂತ ಅಲ್ಲೇ ಮುರ್ಕೊಂಡು ಕಳಿಸ್ತದೆ ಕಣ್ ಮಗಾ" ಅಂದರು. ಬೀಗ ಹಾಕಿದ ಅಂಗಡಿಯವನ ಹೆಂಡತಿಗೂ ತೆರಿಗೆಯೇ? ನನಗೆ ನಗು ಬಂತು. ಆರು ತಿಂಗಳು ಕಳೆದು ಅವರು ಮತ್ತೆ ಬಂದು ಮೂರು ರೂಪಾಯಿ ಏಳಾಣೆ ಅವ್ವನ ಕೈಯಲ್ಲಿಟ್ಟರು. ಇದೇನು ಅಂತ ಕೇಳಿದರೆ, "ಅದೇ, ಸೇರಿನ ಬಾಬ್ತು" ಅಂದು ಕಾಫಿ ಕುಡಿದು ಹೋದರು. ವರ್ಷಾ ವರ್ಷಾ ಹೀಗೇ: ಒಂದು ಸಲ ದೊಡ್ಡದು, ಆಮೇಲೊಂದು ಚಿಲ್ಲರೆ. ನನಗೆ ಖಾತ್ರಿಯಾಯಿತು. ಅವ್ವನ ದುಡ್ಡು ಗಿರಣಿಗೆ ಹೋಗೇ ಇಲ್ಲ, ಮಾವನ ಕೊಬ್ಬರಿಯಲ್ಲಿ ಓಡಾಡುತ್ತಿದೆ, ಮನಸ್ಸು ಬಂದಾಗ ಬಡ್ಡಿ ಅಂತ ಒಂದಿಷ್ಟು ಬಿಸಾಕುತ್ತಾರೆ. ಯಜಮಾನರ ಹತ್ತಿರ ಹೇಳಿದೆ. ಅವರು, "ನಿಮ್ಮ ಮನೆತನದ ವಿಷಯ ನನಗೆ ಬೇಡ" ಅಂದು ಪೇಪರಿನ ಹಿಂದೆ ಹೋದರು.

ಅಷ್ಟರಲ್ಲಿ ಯುದ್ಧ ಬಲಿತಿತ್ತು. ಸೀಮೆಎಣ್ಣೆಗೆ ಸಾಲು, ಸೀರೆಗೆ ಚೀಟಿ, ಬಸ್ಸು ಓಡುವುದು ಇದ್ದಿಲಿನ ಹೊಗೆಯಲ್ಲಿ. ಎಲ್ಲದರ ಬೆಲೆ ಏರಿದ ಹಾಗೆ ಆ ಮನೆಯ ಬೆಲೆಯೂ ಏರಿತು. ಏಳುನೂರು ಇದ್ದದ್ದು ಒಂಬೈನೂರಾಯಿತು, ಆಮೇಲೆ ಸಾವಿರದ ನೂರು. ಅವ್ವ ಒಂದು ಮೆಟ್ಟಲು ಹತ್ತಿದರೆ ಮನೆ ಎರಡು ಹತ್ತುತ್ತಿತ್ತು. ಆದರೆ ಗಿರಣಿಯೂ ದಂಡಿಗೆ ಎಣ್ಣೆ ಕಳಿಸಿ ಚೆನ್ನಾಗಿ ದುಡಿಯುತ್ತಿತ್ತಂತೆ. ಹಾಸನದಲ್ಲಿ ಒಬ್ಬರು ಒಂದು ಷೇರಿಗೆ ಹನ್ನೊಂದು ರೂಪಾಯಿ ಕೊಟ್ಟು ತಗೊಳ್ಳುತ್ತಾರೆ ಅಂತ ಸುದ್ದಿ ಬಂತು. ನೂರು ಷೇರಿಗೆ ಸಾವಿರದ ನೂರು. ಸರಿಯಾಗಿ ಒಂದು ಮನೆ.

ಮನೆಯ ಯಜಮಾನ ಶಿವರಾತ್ರಿಯವರೆಗೆ ಗಡುವು ಕೊಟ್ಟ. ಅದು ಮೀರಿದರೆ ಗೊರೂರಿನ ಪಾರ್ಟಿಯೊಂದು ದುಡ್ಡು ಹಿಡಿದು ನಿಂತಿದೆ ಅಂದ. ನಾನು ಮಾವನಿಗೆ ಕಾಗದ ಕಳಿಸಿಕೊಡಿ ಅಂತ ಪತ್ರ ಬರೆದೆ. ಉತ್ತರ ಬಂತು: "ಆತುರ ಬೇಡ. ಇನ್ನೂ ಒಂದು ರೂಪಾಯಿ ಏರಲಿ, ರಿಜಿಸ್ಟ್ರಿ ಖರ್ಚೂ ಗಿಟ್ಟುತ್ತದೆ." ಮತ್ತೆ ಬರೆದೆ. ಮತ್ತೆ ಅದೇ ಉತ್ತರ. ಇಲ್ಲದ ಕಾಗದವನ್ನು ಎಲ್ಲಿಂದ ಕಳಿಸುತ್ತಾರೆ ಅಂತ ನಾನು ಹಲ್ಲು ಕಡಿದೆ.

ಪುಷ್ಯ ಮಾಸದಲ್ಲಿ ಎರಡು ದಿನ ರಜೆ ಸಿಕ್ಕಿ ನಾನು ಅವ್ವನ ಹತ್ತಿರ ಬಂದಿದ್ದೆ. ಸರ್ಕಾರ ಆಗ ಧಾನ್ಯದ ಲೆವಿ ತಂದಿತ್ತು. ಮನೆಖರ್ಚಿಗೆ ಇಷ್ಟು ಅಂತ ಇಟ್ಟುಕೊಂಡು ಮಿಕ್ಕದ್ದನ್ನು ಸರ್ಕಾರದ ಬೆಲೆಗೆ ಒಪ್ಪಿಸಬೇಕು. ಬಚ್ಚಿಟ್ಟರೆ ಮುಟ್ಟುಗೋಲು, ಮೇಲೆ ದಂಡ. ಊರಿಗೂರೇ ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುತ್ತಿದ್ದ ಕಾಲ. ಒಂದು ಮಧ್ಯಾಹ್ನ ಲೆವಿ ಇನ್ಸ್‌ಪೆಕ್ಟರು ಜವಾನನ ಜೊತೆ ನಮ್ಮ ಬಾಗಿಲಿಗೆ ಬಂದರು. ಮರ್ಯಾದಸ್ಥರು, ಚಪ್ಪಲಿ ಹೊರಗೇ ಬಿಟ್ಟರು.

"ಒಂದು ಮೂಗರ್ಜಿ ಬಂದಿದೆ ತಾಯಿ" ಅಂದರು. ಹೆಸರು ಹಾಕದೆ ಬರೆಯುವ ದೂರಿಗೆ ಮೂಗರ್ಜಿ ಅನ್ನುತ್ತಾರೆ. ಆ ವರ್ಷ ಅಂಚೆಚೀಲದ ಅರ್ಧ ಅದೇ ಇರುತ್ತಿತ್ತು. ಅವ್ವ ತನ್ನ ಪಲ್ಲದ ವಿಷಯ ಬೀದಿಗೆಲ್ಲ ಹೇಳಿಕೊಂಡಿದ್ದಳು, ಯಾರೋ ಅದನ್ನೇ ಬರೆದು ಹಾಕಿದ್ದರು. "ನಿಮ್ಮದು ಒಂದು ಪಲ್ಲ ದಾಸ್ತಾನು ಬೇರೆ ಊರಲ್ಲಿ ಇದೆ ಅಂತ. ಹೌದೇ?"

ಅವ್ವನಿಗೆ ಸಂತೋಷವೇ ಆಯಿತು. ತನ್ನ ಸೇರಿನ ವಿಷಯ ಸರ್ಕಾರಕ್ಕೂ ತಿಳಿದಿದೆ ಅಂದುಕೊಂಡಳು.

"ಊಂ ಸಾ, ಒಂದು ಪಲ್ಲ. ಚನ್ರಾಯಪಟ್ಣದಾಗೆ ನಮ್ಮಣ್ಣಯ್ಯನ ತಾವ ಐತೆ. ಜ್ವಾಪಾನವಾಗಿ ಇಟ್ಟವ್ನೆ."

ಜವಾನ ಬಾಯಿಗೆ ಕೈ ಅಡ್ಡ ಹಿಡಿದ. ಇಷ್ಟು ಸಲೀಸಾಗಿ ಒಪ್ಪಿಕೊಂಡವರನ್ನು ಅವನು ನೋಡಿರಲಿಕ್ಕಿಲ್ಲ. ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು. "ನೀವು ಓದಿದವರ ಹಾಗೆ ಕಾಣುತ್ತೀರಿ. ನಿಮ್ಮ ತಾಯಿಯವರು ಹೇಳೋದು ನಿಜವೇನಮ್ಮಾ?"

ಅದು ಸೇರಲ್ಲ ಸ್ವಾಮಿ, ಷೇರು. ಅಷ್ಟು ಹೇಳಿದ್ದರೆ ಅವರು ನಕ್ಕು, ನೀರು ಕುಡಿದು, ಎದ್ದು ಹೋಗುತ್ತಿದ್ದರು. ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಎರಡು ಪತ್ರಕ್ಕೂ ತೆರೆಯದ ಪೆಟ್ಟಿಗೆಯನ್ನು ಸರ್ಕಾರದ ಕೈ ತೆರೆಸುತ್ತದೆ, ಕಾಗದ ಇದೆಯೋ ಇಲ್ಲವೋ ನಾಳೆಯೇ ಬಯಲಾಗುತ್ತದೆ ಅನ್ನುವುದೊಂದೇ ನನ್ನ ತಲೆಯಲ್ಲಿ ಇತ್ತು.

"ನಮಗೇನು ಗೊತ್ತು ಸ್ವಾಮಿ. ಹೋಗಿ ನೋಡಿ. ಪೆಟ್ಟಿಗೆ ಒಳಗೂ ನೋಡಿ" ಅಂದೆ.

ಮಾರನೆಯ ದಿನ, ಅರಕಲಗೂಡಿಗೆ ಹೋಗುತ್ತೇನೆ ಅಂತ ಅವ್ವನಿಗೆ ಸುಳ್ಳು ಹೇಳಿ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಪೆಟ್ಟಿಗೆ ತೆರೆಯುವುದನ್ನು ನನ್ನ ಕಣ್ಣಿಂದಲೇ ನೋಡಬೇಕಿತ್ತು. ನನ್ನನ್ನು ನೋಡಿ ಅತ್ತೆ ಹಿಗ್ಗಿ ಹಾಲುಕೀರು ಮಾಡಲು ಹೋದರು. ಮಾವ, "ಏನ್ ಮಗಾ, ಏಳ್ದೆ ಕೇಳ್ದೆ ಬಂದ್ಬುಟ್ಟೆ?" ಅನ್ನುವಷ್ಟರಲ್ಲಿ ಇನ್ಸ್‌ಪೆಕ್ಟರು ಬಂದರು.

ವಿಷಯ ಕೇಳಿ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಸಾ, ಅದು ರಾಗಿ ಸೇರಲ್ಲ, ಗಿರಣಿ ಸೇರು. ನಮ್ಮ ತಂಗಿ ಅದ್ನ ಪಲ್ಲ ಅಂತಾಳೆ." ಸೊಂಟದಿಂದ ಬೀಗದ ಕೈ ಗೊಂಚಲು ತೆಗೆದು ಪೆಟ್ಟಿಗೆ ತೆರೆದರು. ಮೇಲೆಯೇ ಒಂದು ಬಟ್ಟೆಯ ಗಂಟು. ಅದರಲ್ಲಿ ಕಾಗದ. ಇನ್ಸ್‌ಪೆಕ್ಟರು ನೋಡಿ ನನ್ನ ಕೈಗೆ ಕೊಟ್ಟರು. ಇಂಗ್ಲಿಷಿನಲ್ಲಿ ಅವ್ವನ ಹೆಸರು, ಅಪ್ಪನ ಹೆಸರು ಹಾಕಿ ಅವರ ಹೆಂಡತಿ ಅಂತ, ನೂರು ಅಂತ, ಒಂದಕ್ಷರವೂ ತಪ್ಪಿಲ್ಲದೆ ಇತ್ತು. ಅದರ ಕೆಳಗೆ ಹಾಸನದ ತೆರಿಗೆ ಆಫೀಸಿಗೆ ಬರೆದ ಅರ್ಜಿಗಳ ನಕಲು, ವರ್ಷಕ್ಕೊಂದು. ಈಕೆ ವಿಧವೆ, ತೆರಿಗೆ ಬೀಳುವಷ್ಟು ಆದಾಯ ಇಲ್ಲದವಳು, ಮುರಿದುಕೊಂಡದ್ದನ್ನು ವಾಪಸು ಕೊಡಬೇಕು ಅಂತ. ಮೂರು ರೂಪಾಯಿ ಏಳಾಣೆ ಅದರಿಂದ ಬಂದದ್ದು. ಆ ಚಿಲ್ಲರೆಗೋಸ್ಕರ ಮಾವ ವರ್ಷಾ ವರ್ಷಾ ಹಾಸನಕ್ಕೆ ಓಡಾಡಿದ್ದರು. ನನಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನೊಬ್ಬಳು ನಾಚಿಕೊಂಡು ಮನೆಗೆ ಹೋಗುತ್ತಿದ್ದೆ. ಇನ್ಸ್‌ಪೆಕ್ಟರು ಎದ್ದು ನಿಂತು, "ಬಂದದ್ದು ಬಂದಿದ್ದೇವೆ, ಕೊಬ್ಬರಿ ಕೋಣೆಯನ್ನೂ ಒಂದು ಸಲ ನೋಡಿಬಿಟ್ಟರೆ ರಿಪೋರ್ಟು ಬರೆದು ಹಾಕಬಹುದು" ಅಂದರು. ಮಾವನ ನಗು ಅಲ್ಲೇ ನಿಂತಿತು. ಕೊಬ್ಬರಿ ರಾಶಿಯ ಹಿಂದೆ ಗೋಡೆಗೆ ಒತ್ತಿ ಹದಿನಾಲ್ಕು ಮೂಟೆ ರಾಗಿ ಜೋಡಿಸಿತ್ತು. ಒಂದಕ್ಕೂ ಲೆಕ್ಕ ಕೊಟ್ಟಿರಲಿಲ್ಲ. ಅಷ್ಟರ ಮಟ್ಟಿಗೆ ಅವರೂ ಸಾಚಾ ಅಲ್ಲ. ಸರ್ಕಾರಕ್ಕೆ ಮೋಸ ಮಾಡಿದ್ದರು, ತಂಗಿಗೆ ಮಾಡಿರಲಿಲ್ಲ. ನಾನು ಅದನ್ನು ತಿರುವುಮುರುವು ತಿಳಿದಿದ್ದೆ.

ಜವಾನ ಮೂಟೆಗಳಿಗೆ ಅರಗಿನ ಮುದ್ರೆ ಹಾಕುತ್ತಿದ್ದಾಗ ಮಾವ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ನೀನ್ಯಾಕ್ ಮಗಾ ಇವತ್ತೇ ಬಂದೆ?"

ಹಾಲುಕೀರಿನ ಲೋಟ ನನ್ನ ಕೈಯಲ್ಲಿತ್ತು.

ರಾಗಿ ಹೋಯಿತು. ಹಾಸನದ ಕೋರ್ಟಿನಲ್ಲಿ ಕೇಸಾಯಿತು, ದಂಡ ಬಿತ್ತು, ವ್ಯಾಪಾರದ ಲೈಸೆನ್ಸೂ ರದ್ದಾಯಿತು. ಸುದ್ದಿ ಕೇಳಿದ ದಿನವೇ ಅವ್ವ ಚನ್ನರಾಯಪಟ್ಟಣಕ್ಕೆ ಹೋಗಿ ತನ್ನ ಕಾಗದ ಇಸಿದುಕೊಂಡಳು. ಶಿವರಾತ್ರಿಗೆ ಇನ್ನೂ ಎಂಟು ದಿನ ಇತ್ತು. ಹಾಸನದವರಿಗೆ ಹನ್ನೊಂದರಂತೆ ನೂರನ್ನೂ ಮಾರಿ, ಮುಕ್ಕಾಲು ಪಾಲು ದುಡ್ಡನ್ನು ಅಣ್ಣನ ಪೂಜೆಯ ಮಣೆಯ ಮೇಲೆ ಇಟ್ಟು ಬಂದಳು. ದಂಡಕ್ಕೂ ವಕೀಲರಿಗೂ ಅದು ಸರಿಹೋಯಿತು. ಅವರು ಬೇಡ ಬೇಡ ಅಂದರಂತೆ. "ನನ್ ಸೇರಿನ ದೆಸೆಯಿಂದ ಬಂದಿದ್ದು, ನನ್ ಸೇರೇ ತೀರಿಸ್ಲಿ" ಅಂದಳಂತೆ. ಮನೆ ಗೊರೂರಿನವರ ಪಾಲಾಯಿತು. ಅವರು ತಿಂಗಳೊಳಗೆ ಖಾಲಿ ಮಾಡಿ ಅಂದರು.

ನಾನು ಗಾಡಿ ಮಾಡಿಕೊಂಡು ಕರೆದುಕೊಂಡು ಬರಲು ಹೋದೆ. ಅವ್ವ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಳು. ಮಾವ ನನ್ನ ವಿಷಯ ಬಾಯಿ ಬಿಟ್ಟಿರಲಿಲ್ಲ. ಅತ್ತೆ ಬಿಡದೆ ಇರುತ್ತಾರೆಯೇ?

"ನೀನೂ ಓಗಿದ್ಯಂತೆ" ಅಂದಳು ಅವ್ವ, ತಲೆ ಎತ್ತದೆ.

"ಹೂಂ."

"ನಂಗೆ ಗೊತ್ತಿರ್ಲಿಲ್ಲ, ಪಲ್ಲ ಅಂದೆ. ನೀನು ಇಸ್ಕೂಲಲ್ಲಿ ಮಕ್ಳಿಗೆ ಆ ಅಕ್ಸರ ಬ್ಯಾರೆ ಈ ಅಕ್ಸರ ಬ್ಯಾರೆ ಅಂತ ಏಳ್ಕೊಡೋಳು. ಅವಯ್ಯ ಬಾಗ್ಲಲ್ಲಿ ನಿಂತು ನಿನ್ನೇ ಕೇಳ್ದ. ಆವತ್ತು ನಿನ್ ಬಾಯಿಗೆ ಏನಾಗಿತ್ತು?"

ಬೈದಿದ್ದರೆ ನಾನೂ ಬೈಯುತ್ತಿದ್ದೆ, ಜಗಳದಲ್ಲಿ ನಾನು ಸೋತವಳಲ್ಲ. ಅವಳು ಬೈಯಲಿಲ್ಲ. ನಾನು ಗೋಣಿಯ ಬಾಯಿ ಹಿಡಿದುಕೊಂಡೆ, ಅವಳು ಒಂದೊಂದೇ ಚೊಂಬು ಇಳಿಸಿದಳು.

ನಮ್ಮ ಮನೆಯಲ್ಲಿ ಅವಳಿಗೆ ನಡುಮನೆಯ ಪಕ್ಕದ ಕೋಣೆ ಬಿಟ್ಟುಕೊಟ್ಟೆವು. ಯಜಮಾನರೇ ನಿಂತು ಸುಣ್ಣ ಬಳಿಸಿದ್ದರು. ಉಣ್ಣಲು ಕರೆದರೆ ಬಂದು ಉಂಡಳು, ಮೊಮ್ಮಕ್ಕಳಿಗೆ ತಲೆ ಬಾಚಿದಳು, ಎಲ್ಲ ಸರಿಯಾಗಿಯೇ ಇತ್ತು. ಬಂದ ಮೂರನೆಯ ದಿನ ಸಂತೆಗೆ ಹೋಗಿ ಬಂದಳು. ನಾನು ಶಾಲೆಯಿಂದ ಬಂದು ನೋಡಿದರೆ, ಉಳಿದ ದುಡ್ಡು ಇಟ್ಟಿದ್ದ ತಗಡಿನ ಪೆಟ್ಟಿಗೆಗೆ ಮುಷ್ಟಿಗಾತ್ರದ ಹೊಸ ಬೀಗ ಹಾಕಿ, ಅದರ ಕೈಯನ್ನು ಸೊಂಟದ ದಾರಕ್ಕೆ ಕಟ್ಟಿಕೊಳ್ಳುತ್ತಿದ್ದಳು. ಹುಟ್ಟಿದಾಗಿನಿಂದ ಆ ಪೆಟ್ಟಿಗೆಗೆ ಬೀಗ ಇದ್ದದ್ದನ್ನು ನಾನು ಕಂಡಿರಲಿಲ್ಲ.

"ಬೀಗ ಯಾಕವ್ವಾ? ಈ ಮನೇಲಿ ಇರೋರು ನಾವೇ ತಾನೇ?" ಅಂದೆ.

ಅವ್ವ ಗಂಟು ಬಿಗಿದು, ಸೆರಗು ಸರಿಮಾಡಿಕೊಂಡಳು.

"ಅದ್ಕೇಯ" ಅಂದಳು.